ಕಾಯವಿದ್ದ ಮೇಲೆ ಕಾಯಲೂ ಬೇಕು

ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಮೋಟಾರು ಚಾಲೂ ಮಾಡಿ ಬರುವುದು ಘಟಪ್ರಭೆಯ ಎರಡೂ ದಂಡೆಯ ರೈತರಿಗೆ ಹೊಸದಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಸಿಗುವುದು ದಿನಕ್ಕೆ ಕೆಲವೇ ತಾಸು. ಅದರಲ್ಲಿ ಎಷ್ಟೋ ಸಲ ಅರ್ಧ ಪಾಳಿ ರಾತ್ರಿಯದೇ. ಕತ್ತಲು, ಹಾವು, ಹಸಿ ನೆಲ, ಹಳೆಯ ವೈರು ಇವನ್ನೆಲ್ಲ ದಾಟಿಕೊಂಡು ಹೋಗಿ ಒಂದು ಹಸಿರು ಗುಂಡಿ ಒತ್ತಬೇಕು. ಈ ತಾಪತ್ರಯ ತಪ್ಪಿಸಲು ಬಂದದ್ದೇ ಆಟೋ ಸ್ಟಾರ್ಟರ್ ಎಂಬ ಸಣ್ಣ ಪೆಟ್ಟಿಗೆ. ಲೈನಿನಲ್ಲಿ ಕರೆಂಟು ಬಂದದ್ದು ತಿಳಿದೊಡನೆ ಅದು ತಾನೇ ಮೋಟಾರನ್ನು ಚಾಲೂ ಮಾಡುತ್ತದೆ. ಸಿಮ್ ಕಾರ್ಡು ಹಾಕುವ ಬಗೆಯದಾದರೆ ಮನೆಯ ಪಡಸಾಲೆಯಲ್ಲಿ ಕುಳಿತೇ ಮೊಬೈಲಿನಿಂದ ಅದಕ್ಕೆ ಅಪ್ಪಣೆ ಕೊಡಬಹುದು. "ಮೋಟಾರು ಚಾಲೂ ಆಯಿತು" ಎಂದು ಅದರಿಂದ ಉತ್ತರವನ್ನೂ ಪಡೆಯಬಹುದು.

ಗೋಕಾಕ, ಹುಕ್ಕೇರಿ, ಗೋಕಾಕದಿಂದ ಬೇರ್ಪಟ್ಟು ಸ್ವಂತ ತಾಲ್ಲೂಕಾಗಿರುವ ಮೂಡಲಗಿ, ಈ ಭಾಗದ ವಿದ್ಯಾರ್ಥಿಗಳಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಕೃತಕ ಬುದ್ಧಿಮತ್ತೆ ಎಂದರೆ ಎಲ್ಲೋ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಗಣಕದ ಪರದೆಯ ಮೇಲೆ ಪ್ರಶ್ನೆಗೆ ಉತ್ತರ ಬರೆಯುವ ವಿದ್ಯೆ ಎಂದು ನಾವು ತಿಳಿದಿದ್ದೇವೆ. ಆ ವಿದ್ಯೆಗೆ ಇನ್ನೊಂದು ಕವಲಿದೆ. ಬುದ್ಧಿಗೆ ಒಂದು ಮೈ ಕೊಟ್ಟು, ಅಂಥ ನೂರಾರು ಮೈಗಳನ್ನು ಒಂದಕ್ಕೊಂದು ಜೋಡಿಸುವುದು. ಅದನ್ನು ಅರಿಯಲು ನಮ್ಮ ಹೊಲದ ಈ ಪೆಟ್ಟಿಗೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಆನೆಗೆ ಚದುರಂಗ ಬೇಕಿಲ್ಲ

ಮೈಯುಳ್ಳ ಬುದ್ಧಿ ಎಂದರೇನು? ಮೂರು ಅಂಗಗಳಿದ್ದರೆ ಸಾಕು. ಹೊರಗಿನ ಸುದ್ದಿ ತಿಳಿಯಲು ಒಂದು ಇಂದ್ರಿಯ, ಏನು ಮಾಡಬೇಕೆಂದು ನಿರ್ಧರಿಸಲು ಒಂದು ಮಿದುಳು, ಮಾಡಲು ಕೈಕಾಲು. ಆಟೋ ಸ್ಟಾರ್ಟರಿನ ಇಂದ್ರಿಯ ಲೈನಿನ ವೋಲ್ಟೇಜನ್ನು ನೋಡುತ್ತದೆ; ಒಳಗಿನ ಪುಟ್ಟ ಸರ್ಕಿಟ್ಟು ಮಿದುಳು; ಮೋಟಾರೇ ಅದರ ಕೈ. ಕೈ ಮಾಡಿದ ಕೆಲಸದಿಂದ ಹೊರಗಿನ ಪರಿಸ್ಥಿತಿ ಬದಲಾಗುತ್ತದೆ, ಬದಲಾದ ಸುದ್ದಿ ಮತ್ತೆ ಇಂದ್ರಿಯಕ್ಕೆ ಬರುತ್ತದೆ. ಈ ಚಕ್ರ ಸುತ್ತುತ್ತಿರುವುದೇ ಇಲ್ಲಿಯ ಮುಖ್ಯ ಮಾತು.

1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ ಗಾಲಿಯ ಮೇಲೆ ಓಡಾಡುವ ಎರಡು ಯಂತ್ರದ ಆಮೆಗಳನ್ನು ಮಾಡಿದ. ಅವುಗಳ ಹೆಸರು ಎಲ್ಮರ್ ಮತ್ತು ಎಲ್ಸಿ. ಬೆಳಕು ಕಾಣಲು ಒಂದು ಕಣ್ಣು, ಅಡ್ಡ ಬಂದದ್ದು ತಿಳಿಯಲು ಒಂದು ಸ್ಪರ್ಶ, ಮಿದುಳಿನ ಜಾಗದಲ್ಲಿ ಎರಡೇ ಎರಡು ವಾಲ್ವುಗಳು. ಅಷ್ಟರಿಂದಲೇ ಅವು ಕೋಣೆಯಲ್ಲಿ ದಾರಿ ಹುಡುಕಿಕೊಂಡು ಓಡಾಡುತ್ತಿದ್ದವು, ಬ್ಯಾಟರಿ ಇಳಿದಾಗ ತಮ್ಮ ಗೂಡಿಗೆ ಮರಳುತ್ತಿದ್ದವು. ಅಮೆರಿಕದ ಎಂಐಟಿಯಲ್ಲಿದ್ದ ರಾಡ್ನಿ ಬ್ರೂಕ್ಸ್ 1990ರಲ್ಲಿ ಇದೇ ಜಾಡಿನಲ್ಲಿ ಒಂದು ಲೇಖನ ಬರೆದರು. ಆನೆಗಳು ಚದುರಂಗ ಆಡುವುದಿಲ್ಲ ಎಂಬುದೇ ಅದರ ತಲೆಬರಹ. ಚದುರಂಗ ಬಾರದ ಆನೆಯನ್ನು ಯಾರೂ ದಡ್ಡ ಎನ್ನುವುದಿಲ್ಲ. ಅದು ಕಾಡಿನಲ್ಲಿ ನೀರು ಹುಡುಕುತ್ತದೆ, ಕೆಸರಿನಲ್ಲಿ ಹೆಜ್ಜೆ ತೂಗಿ ಇಡುತ್ತದೆ. ಜಗತ್ತಿನ ನಕ್ಷೆಯನ್ನೆಲ್ಲ ತಲೆಯಲ್ಲಿ ತುಂಬಿಕೊಳ್ಳುವ ಮೊದಲು ಜಗತ್ತನ್ನೇ ಮುಟ್ಟಿ ನೋಡುವುದು ಒಂದು ಬುದ್ಧಿ ಎಂಬುದು ಅವರ ವಾದ.

ನಮ್ಮವರಿಗೂ ಈ ದಾರಿ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯಕ್ಕೆ ಹಾಕಲಾಯಿತು. ಬೆಳಗಾವಿ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. ನೀರು ಗೊತ್ತಾದ ಮಟ್ಟ ಮೀರಿದರೆ ಆ ನೀರಿನ ಬಲದಿಂದಲೇ ಗೇಟು ತೆರೆಯುತ್ತಿತ್ತು. ನೀರು ಇಳಿದರೆ ತಾನಾಗಿ ಮುಚ್ಚುತ್ತಿತ್ತು. ಅದಕ್ಕೆ ವಿದ್ಯುತ್ತೂ ಇರಲಿಲ್ಲ, ಗಣಕವೂ ಇರಲಿಲ್ಲ. ನೀರೇ ಸುದ್ದಿ, ನೀರೇ ಬಲ.

ಇಂದಿನ ಪಂಪಿನ ಪೆಟ್ಟಿಗೆಗಳಲ್ಲೂ ಇಂಥ ಜಾಣ್ಮೆ ಇದೆ. ಬಾವಿ ಬತ್ತಿದ್ದನ್ನು ತಿಳಿಯಲು ಬಾವಿಯೊಳಗೆ ಉಪಕರಣ ಇಳಿಸಲೇಬೇಕೆಂದಿಲ್ಲ. ನೀರೆತ್ತುವ ಭಾರ ತಪ್ಪಿದರೆ ಮೋಟಾರು ಎಳೆಯುವ ಕರೆಂಟು ಇಳಿಯುತ್ತದೆ. ಪೆಟ್ಟಿಗೆ ಆ ಇಳಿತವನ್ನು ಗಮನಿಸಿ, ನೀರಿಲ್ಲವೆಂದು ಅರಿತು, ಮೋಟಾರು ಸುಡುವ ಮೊದಲೇ ನಿಲ್ಲಿಸುತ್ತದೆ. ಕೈಯೇ ಇಲ್ಲಿ ಕಣ್ಣೂ ಆಗಿದೆ.

ಹತ್ತು ಜಾಣರು, ಒಂದು ಟಿ.ಸಿ.

ಇಷ್ಟರವರೆಗೆ ಎಲ್ಲವೂ ಸರಿ. ಈಗ ಒಂದು ಲೆಕ್ಕ ಮಾಡೋಣ. ಹತ್ತನೆಯ ತರಗತಿಯವರು ಪೆನ್ಸಿಲು ಹಿಡಿಯಬಹುದು.

ಒಂದು 63 ಕೆವಿಎ ಟ್ರಾನ್ಸ್‌ಫಾರ್ಮರಿಗೆ ತಲಾ 5 ಅಶ್ವಶಕ್ತಿಯ ಹತ್ತು ಮೋಟಾರುಗಳಿವೆ ಎಂದಿಟ್ಟುಕೊಳ್ಳಿ. ಓಡುತ್ತಿರುವಾಗ ಒಂದೊಂದು ಸುಮಾರು ಏಳೂವರೆ ಆಂಪಿಯರು ಎಳೆಯುತ್ತದೆ, ಹತ್ತಕ್ಕೆ 75. ಟ್ರಾನ್ಸ್‌ಫಾರ್ಮರು ಸುಮಾರು 84 ಆಂಪಿಯರು ಕೊಡಬಲ್ಲದು. ಲೆಕ್ಕ ಸರಿಹೋಯಿತು. ಆದರೆ ನಿಂತ ಮೋಟಾರು ಏಳುವಾಗ ಓಡುವ ಮೋಟಾರಿನ ಸುಮಾರು ಆರು ಪಟ್ಟು ಕರೆಂಟು ಬೇಡುತ್ತದೆ, ಅಂದರೆ 45 ಆಂಪಿಯರು. ಮೊದಲು ರೈತರು ಒಬ್ಬೊಬ್ಬರಾಗಿ ಬಂದು ಗುಂಡಿ ಒತ್ತುತ್ತಿದ್ದರು. ಒಬ್ಬನ ಹೊಲ ದೂರ, ಇನ್ನೊಬ್ಬನಿಗೆ ಚಹಾ ಕುಡಿಯದೆ ಕಾಲು ಏಳದು. ಹೀಗಾಗಿ ಮೋಟಾರುಗಳು ಹಿಂದುಮುಂದಾಗಿ ಏಳುತ್ತಿದ್ದವು. ಹತ್ತೂ ಹೊಲಗಳಿಗೆ ಆಟೋ ಸ್ಟಾರ್ಟರ್ ಬಂದರೆ ಕರೆಂಟು ಬಂದ ಕ್ಷಣದಲ್ಲೇ ಹತ್ತೂ ಏಳುತ್ತವೆ. ಬೇಡಿಕೆ 450 ಆಂಪಿಯರು! ವೋಲ್ಟೇಜು ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಯಾವ ಮೋಟಾರಿಗೂ ಪೂರ್ಣ ವೇಗ ಬಾರದು. ವೇಗ ಬಾರದಷ್ಟು ಕಾಲವೂ ಅದು ಹೆಚ್ಚಿನ ಕರೆಂಟನ್ನೇ ಎಳೆಯುತ್ತಿರುತ್ತದೆ. ಫ್ಯೂಜು ಹೋಗುತ್ತದೆ, ಅದು ಹೋಗದಿದ್ದರೆ ಮೋಟಾರಿನ ಸುರುಳಿಯೋ ಟ್ರಾನ್ಸ್‌ಫಾರ್ಮರೋ ಸುಡುತ್ತದೆ. ಸುಟ್ಟ ಟಿ.ಸಿ. ಬದಲಾಗುವವರೆಗೆ ಹತ್ತೂ ಹೊಲದ ಕಬ್ಬು ಒಣಗಬೇಕು.

ಇದರಲ್ಲಿ ಯಾವ ಪೆಟ್ಟಿಗೆಯ ತಪ್ಪಿದೆ? ಒಂದರದೂ ಇಲ್ಲ. ಪ್ರತಿಯೊಂದೂ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ನೆರೆಯಲ್ಲಿ ಇನ್ನೂ ಒಂಬತ್ತು ಮಂದಿ ಇದ್ದಾರೆಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ. ಮಾತಾಡುವ ಗಣಕ ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ಮೈಯುಳ್ಳ ಯಂತ್ರ ತಪ್ಪಿದರೆ ತಾಮ್ರ ಕರಗುತ್ತದೆ, ಬೆಳೆ ಬಾಡುತ್ತದೆ. ನಮ್ಮ ಭಾಷೆಯಲ್ಲಿ ಕಾಯ ಎಂದರೆ ಮೈ. ಕಾಯುವುದು ಎಂದರೆ ತಾಳ್ಮೆಯಿಂದ ಇರುವುದು, ರಕ್ಷಿಸುವುದು ಎರಡೂ ಹೌದು. ಕಾಯವಿದ್ದ ಬುದ್ಧಿ ಮೊದಲು ಕಲಿಯಬೇಕಾದದ್ದು ಕಾಯುವುದನ್ನು.

ಕಾಯುವುದು ಹೇಗೆ? ಹತ್ತು ಸೆಕೆಂಡಿಗೆ ಒಂದರಂತೆ ಎದ್ದರೆ ಸಾಕು. ಕೊನೆಯ ಮೋಟಾರು ಏಳುವಾಗ ಒಂಬತ್ತು ಓಡುತ್ತಿರುತ್ತವೆ. ಅವುಗಳ ಅರವತ್ತೇಳೂವರೆ, ಏಳುವುದರ 45, ಒಟ್ಟು ಸುಮಾರು 112 ಆಂಪಿಯರು. ಕೆಲವೇ ಸೆಕೆಂಡಿನ ಈ ಹೊರೆಯನ್ನು ಟ್ರಾನ್ಸ್‌ಫಾರ್ಮರು ತಾಳಿಕೊಳ್ಳುತ್ತದೆ. ಆದರೆ ಕಾರ್ಖಾನೆಯಲ್ಲೇ ಎಲ್ಲ ಪೆಟ್ಟಿಗೆಗಳಿಗೂ ಎರಡು ನಿಮಿಷ ಕಾಯಲು ಹೇಳಿ ಕಳಿಸಿದರೆ? ಎರಡು ನಿಮಿಷದ ನಂತರ ಹತ್ತೂ ಒಟ್ಟಿಗೇ ಏಳುತ್ತವೆ, ಅಷ್ಟೇ! ಎಲ್ಲರೂ ಒಂದೇ ರೀತಿ ಕಾಯುವುದು ಯಾರೂ ಕಾಯದಿದ್ದಂತೆಯೇ.

ಹವಾಯಿ ದ್ವೀಪಗಳಲ್ಲಿ 1971ರಲ್ಲಿ ಗಣಕಗಳನ್ನು ರೇಡಿಯೋ ಮೂಲಕ ಜೋಡಿಸಿದಾಗ ವಿಜ್ಞಾನಿಗಳಿಗೆ ಇಂಥದೇ ತೊಡಕು ಎದುರಾಗಿತ್ತು. ಆ ಜಾಲದ ಹೆಸರು ಅಲೋಹಾನೆಟ್. ಎರಡು ಗಣಕಗಳು ಒಟ್ಟಿಗೆ ಮಾತಾಡಿದರೆ ಎರಡರ ಮಾತೂ ಕೆಡುತ್ತಿತ್ತು. ಮತ್ತೆ ಮಾತಾಡುವ ಮೊದಲು ಪ್ರತಿಯೊಂದೂ ಚೀಟಿ ಎತ್ತಿದಂತೆ ತನಗೆ ಬಂದಷ್ಟು ಹೊತ್ತು ಕಾಯಬೇಕು ಎಂಬುದು ಅವರು ಕಂಡುಕೊಂಡ ಉಪಾಯ. ಮುಂದೆ ಇದಕ್ಕೆ ಇನ್ನೊಂದು ವಿವೇಕ ಸೇರಿತು: ಮಾತಾಡುವ ಮೊದಲು ಕಿವಿಗೊಡು, ಬೇರೆಯವರು ಮಾತಾಡುತ್ತಿದ್ದರೆ ಸುಮ್ಮನಿರು.

ಇದನ್ನು ತರಗತಿಯಲ್ಲೇ ಆಡಿ ನೋಡಬಹುದು. ಹತ್ತು ಮಕ್ಕಳು ಕಣ್ಣು ಮುಚ್ಚಿ ಕೂಡಲಿ. ಒಂದರಿಂದ ಮೂವತ್ತರವರೆಗಿನ ಚೀಟಿಗಳ ಡಬ್ಬಿಯಿಂದ ಪ್ರತಿಯೊಬ್ಬರೂ ಒಂದು ಚೀಟಿ ತೆಗೆದು, ನೋಡಿ, ಮತ್ತೆ ಡಬ್ಬಿಗೇ ಹಾಕಲಿ. ಗುರುಗಳು "ಕರೆಂಟು ಬಂತು" ಎಂದು ಸೆಕೆಂಡು ಎಣಿಸುತ್ತಾ ಹೋಗಲಿ. ತಮ್ಮ ಸಂಖ್ಯೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಲಿ. ಇಬ್ಬರ ಚಪ್ಪಾಳೆ ಒಮ್ಮೆಲೇ ಬೀಳುವುದು ಅಪರೂಪ ಎನಿಸುತ್ತದಲ್ಲವೇ? ಗಣಿತ ಬೇರೆಯೇ ಹೇಳುತ್ತದೆ. ನೂರು ಆಟಗಳಲ್ಲಿ ಸುಮಾರು ಎಂಬತ್ತೊಂದರಲ್ಲಿ ಎಲ್ಲಾದರೂ ಒಂದು ಡಿಕ್ಕಿ ಆಗಿಯೇ ಆಗುತ್ತದೆ. ಎರಡು ಮೋಟಾರು ಒಟ್ಟಿಗೆ ಎದ್ದರೆ ಹತ್ತು ಎದ್ದಷ್ಟು ಹಾನಿ ಇಲ್ಲ, ನಿಜ. ಆದರೂ ಚೀಟಿಯ ಜೊತೆಗೆ ಕಿವಿಯೂ ಬೇಕು. ಆ ಕಿವಿ ಪೆಟ್ಟಿಗೆಗೆ ಈಗಾಗಲೇ ಇದೆ! ನೆರೆಯ ಮೋಟಾರು ಏಳುವಾಗ ಲೈನಿನ ವೋಲ್ಟೇಜು ಒಂದಿಷ್ಟು ತಗ್ಗುತ್ತದೆ. "ತಗ್ಗಿದೆ, ಯಾರೋ ಏಳುತ್ತಿದ್ದಾರೆ, ಇನ್ನೂ ಸ್ವಲ್ಪ ತಡೆ" ಎಂದು ಪೆಟ್ಟಿಗೆಗೆ ಕಲಿಸಿದರೆ ಸಿಮ್ ಕಾರ್ಡಿಲ್ಲದೆಯೂ ಅದು ನೆರೆಯವನನ್ನು ಅರಿಯಬಲ್ಲದು. ಜಾಲ ಎಂದರೆ ಉಪಗ್ರಹ, ಇಂಟರ್‌ನೆಟ್ಟೇ ಆಗಬೇಕೆಂದಿಲ್ಲ. ಹೊಲದ ಕಂಬದಿಂದ ಕಂಬಕ್ಕೆ ಎಳೆದ ತಂತಿಯೂ ಒಂದು ಜಾಲವೇ.

ಮೂರು ಹೊಳೆಯ ಸುದ್ದಿ

ಪಂಪಿಗೆ ಹೇಳಿದ ಮಾತು ನದಿಗೂ ಸಲ್ಲುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಅದರ ಕೆಳಗೆ ಘಟಪ್ರಭೆಗೆ ಹಿರಣ್ಯಕೇಶಿ ಸೇರುತ್ತದೆ, ಮುಂದೆ ಮಾರ್ಕಂಡೇಯ. ಮೂರೂ ಹೊಳೆಗಳ ನೆರೆ ಹಿಂದುಮುಂದಾಗಿ ಬಂದರೆ ಹೊಳೆಯ ದಂಡೆ ತಾಳಿಕೊಂಡೀತು. ಒಮ್ಮೆಗೇ ಬಂದರೆ ತಾಳದು. 2019ರ ಆಗಸ್ಟಿನ ಮಹಾಪೂರದಲ್ಲಿ ಗೋಕಾಕ ಪೇಟೆಯೊಳಗೆ ನೀರು ನುಗ್ಗಿದ್ದನ್ನು, ಲೋಳಸೂರ ಸೇತುವೆ ಮುಳುಗಿದ್ದನ್ನು ಅಲ್ಲಿಯ ಮಕ್ಕಳು ಮರೆತಿರಲಾರರು. ಅಣೆಕಟ್ಟಿನ ಗೇಟಿಗೆ ತನ್ನ ಜಲಾಶಯದ ಮಟ್ಟ ಮಾತ್ರ ತಿಳಿದಿದ್ದರೆ ಸಾಲದು. ಪಕ್ಕದ ಹೊಳೆಗಳ ಮಟ್ಟ, ಘಟ್ಟದ ಮೇಲಿನ ಮಳೆ, ಕೆಳಗಿನ ಪೇಟೆಯ ಸ್ಥಿತಿ ಇವೆಲ್ಲದರ ಸುದ್ದಿಯೂ ಬೇಕು. ಮಳೆಮಾಪಕ, ಮಟ್ಟಮಾಪಕಗಳನ್ನು ಜೋಡಿಸಿ, ಹಳೆಯ ವರ್ಷಗಳ ಲೆಕ್ಕದಿಂದ ಮುಂದಿನ ಹತ್ತು ತಾಸಿನ ನೀರನ್ನು ಅಂದಾಜು ಮಾಡುವ ಕೆಲಸದಲ್ಲಿ ಕಲಿಯುವ ಗಣಕಗಳು ಬಹಳ ಉಪಕಾರಿ.

ಇದೇ ಘಟಪ್ರಭೆಯ ನೀರು ಮುಂದೆ ಕೃಷ್ಣೆಯನ್ನು ಸೇರಿ, ಆಲಮಟ್ಟಿ ದಾಟಿ, ನಾರಾಯಣಪುರ ಮುಟ್ಟುತ್ತದೆ. ಅಲ್ಲಿಯ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ನಾಲ್ಕೂವರೆ ಲಕ್ಷ ಹೆಕ್ಟೇರಿಗೆ ನೀರುಣಿಸುವ ಈ ಕಾಲುವೆಯ ಜಾಲದಲ್ಲಿ ನೀರನ್ನು ತಾವೇ ಅಳೆದು, ದೂರದ ನಿಯಂತ್ರಣ ಕೇಂದ್ರಕ್ಕೆ ಸುದ್ದಿ ಕೊಟ್ಟು, ಅಲ್ಲಿಂದ ಬಂದ ಆಜ್ಞೆಯಂತೆ ಏರಿಳಿಯುವ ಸಾವಿರಾರು ಗೇಟುಗಳಿವೆ. ಮೈಯುಳ್ಳ ಯಂತ್ರಗಳ ಜಾಲವನ್ನು ನಮ್ಮ ರಾಜ್ಯದಲ್ಲೇ ನೋಡಬೇಕೆಂದರೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ. ಇಲ್ಲಿಯೂ ಕಾಯುವ ಪಾಠ ಇದೆ. ಮೇಲೆ ಬಿಟ್ಟ ನೀರು ಕಾಲುವೆಯ ಕೊನೆ ಮುಟ್ಟಲು ಎಷ್ಟೋ ತಾಸು ಬೇಕು. "ಇನ್ನೂ ಬಂದಿಲ್ಲ" ಎಂದು ಗೇಟನ್ನು ಮತ್ತಷ್ಟು ಎತ್ತಿದರೆ ಆಮೇಲೆ ನೀರು ಉಕ್ಕುತ್ತದೆ. ಹೆದರಿ ಇಳಿಸಿದರೆ ಬರ. ಬಚ್ಚಲ ನಲ್ಲಿಯಲ್ಲಿ ಬಿಸಿನೀರು ತಡವಾಗಿ ಬರುವಾಗ ನಾವು ಅತ್ತಿತ್ತ ತಿರುಗಿಸಿ ಮೈ ಸುಟ್ಟುಕೊಳ್ಳುವುದಿಲ್ಲವೇ, ಹಾಗೆ.

ಯಂತ್ರಕ್ಕೆ ಹೇಳಿಕೊಡುವವರು ಯಾರು?

ಗೇಟು ಅಳೆಯುತ್ತದೆ, ಸರಿ. ಆದರೆ ಕಾಲುವೆಯ ತಲೆಯಲ್ಲಿರುವವನಿಗೆ ಎಷ್ಟು, ಬಾಲದಲ್ಲಿರುವವನಿಗೆ ಎಷ್ಟು ಎಂಬುದನ್ನು ಅದು ಹೇಳಲಾರದು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1897ರಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದಂದಿನಿಂದ ಇಂದಿನವರೆಗೂ ಕಾಲುವೆಯ ನೀರಿನ ದೊಡ್ಡ ಪ್ರಶ್ನೆ ಅದೇ. ಕಲಿಯುವ ಯಂತ್ರಕ್ಕೆ ನಾವು ಏನನ್ನು ಗೆಲುವೆಂದು ತೋರಿಸುತ್ತೇವೋ ಅದರ ಬೆನ್ನು ಹತ್ತುತ್ತದೆ. "ನನ್ನ ಹೊಲ ಸದಾ ಹಸಿಯಾಗಿರಲಿ" ಎಂದಷ್ಟೇ ಹೇಳಿಕೊಟ್ಟರೆ ಅದು ನೆರೆಯವನಿಗಿಂತ ಮೊದಲು ನೀರೆತ್ತುವುದನ್ನು ಬಹಳ ಚೆನ್ನಾಗಿ ಕಲಿತೀತು. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬಿಲ್ಲಿನ ಅಂಜಿಕೆ ಇಲ್ಲ. ಅಂತರ್ಜಲ ಇಳಿಯುತ್ತಿರುವುದು ಪೆಟ್ಟಿಗೆಗೆ ಕಾಣುವುದಿಲ್ಲ. ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ ದಿನದ 24 ತಾಸೂ ಕರೆಂಟು ಕೊಡಲು ಹೊರಟಾಗ ಅಲ್ಲಿಯ ಸರಕಾರ ಆಟೋ ಸ್ಟಾರ್ಟರುಗಳನ್ನು ಕಿತ್ತುಹಾಕಿರೆಂದು ರೈತರನ್ನು ಕೇಳಿಕೊಂಡದ್ದು ಇದೇ ಕಾರಣಕ್ಕೆ. ಕರೆಂಟು ಇದ್ದಷ್ಟೂ ಹೊತ್ತು ಎತ್ತುತ್ತಲೇ ಇರುವ ಯಂತ್ರ ಬಾವಿಯನ್ನು ಉಳಿಸಲಾರದು.

ಹಂಚಿಕೊಂಡು ಬಾಳುವ ಬುದ್ಧಿ ಈ ನೆಲಕ್ಕೆ ಅಪರಿಚಿತವೇನಲ್ಲ. ಹಳ್ಳಿಗಳಿಗೆ ವಿದ್ಯುತ್ತು ಒಯ್ಯಲು 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳನ್ನು ಬಳಕೆದಾರರೇ ಸದಸ್ಯರಾಗಿ ನಡೆಸಿಕೊಂಡು ಹೋಗುವ ಏರ್ಪಾಡು ಅದು. ಒಂದು ಟಿ.ಸಿ.ಯ ಹತ್ತು ರೈತರು ಕುಳಿತು "ಮೊದಲು ಯಾರು, ಆಮೇಲೆ ಯಾರು, ಬೇಸಿಗೆಯಲ್ಲಿ ಎಷ್ಟು ತಾಸು" ಎಂದು ಗೊತ್ತು ಮಾಡಿದರೆ ಆ ಮಾತನ್ನು ಪೆಟ್ಟಿಗೆಗೆ ಕಲಿಸುವುದು ಕಷ್ಟವಲ್ಲ. ಆ ಮಾತೇ ಆಗದಿದ್ದರೆ ಎಂಥ ಗಣಕವೂ ಅದನ್ನು ಹುಟ್ಟಿಸಿ ಕೊಡಲಾರದು.

ಪಾಲಕರಿಗೆ ಎರಡು ಮಾತು. ಮೊದಲನೆಯದು ಜೀವದ ಪ್ರಶ್ನೆ. ತಾನಾಗಿ ಏಳುವ ಮೋಟಾರು ಎಚ್ಚರಿಕೆ ಕೊಟ್ಟು ಏಳುವುದಿಲ್ಲ. ಕರೆಂಟು ಹೋಗಿದೆ ಎಂದು ಪಂಪು ಬಿಚ್ಚಲು, ವೈರು ಕೂಡಿಸಲು ಕೂತಾಗಲೇ ಅದು ಬಂದೀತು. ಮನೆಯಲ್ಲಿ ಯಾರೋ ಮೊಬೈಲು ಒತ್ತಿಯಾರು. ಮೇನ್ ಸ್ವಿಚ್ಚು ಇಳಿಸಿ, ಫ್ಯೂಜು ಕಿತ್ತು ಜೇಬಿನಲ್ಲಿ ಇಟ್ಟುಕೊಂಡ ಮೇಲೆಯೇ ಕೈ ಹಾಕಬೇಕು. ಅದೂ ಬಲ್ಲವರೇ ಹಾಕಬೇಕು. ಮಕ್ಕಳು ಸ್ಟಾರ್ಟರಿನ ಮುಚ್ಚಳ ತೆರೆಯಕೂಡದು. ಮೊಬೈಲಿನಿಂದ ನಡೆಯುವ ಪೆಟ್ಟಿಗೆಯ ಗುಪ್ತಸಂಖ್ಯೆ ಅಂಗಡಿಯಿಂದ ಬಂದದ್ದೇ ಇದ್ದರೆ ಇಂದೇ ಬದಲಿಸಿ. ಮಿರಾಯ್ ಎಂಬ ಕುತಂತ್ರಾಂಶ 2016ರಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮುಂತಾದ ಉಪಕರಣಗಳನ್ನು ವಶಮಾಡಿಕೊಂಡದ್ದು ಬದಲಿಸದೇ ಬಿಟ್ಟ ಇಂಥ ಸಂಕೇತಗಳಿಂದಲೇ.

ಎರಡನೆಯದು ಓದಿನ ಪ್ರಶ್ನೆ. "ನಮ್ಮ ಹುಡುಗನಿಗೆ ಎಐ ಕೋರ್ಸು ಕೊಡಿಸಬೇಕೋ?" ಎಂದು ಈಗ ಎಲ್ಲ ಊರುಗಳಲ್ಲೂ ಕೇಳುತ್ತಾರೆ. ಕೊಡಿಸಬಾರದೆಂದಲ್ಲ. ಆದರೆ ಮೈಯುಳ್ಳ ಬುದ್ಧಿಯ ಕಾಲದಲ್ಲಿ ಗಣಕದ ಭಾಷೆಯಷ್ಟೇ ಸಾಲದು. ಓಮನ ನಿಯಮ, ಮೋಟಾರಿನ ಪಾಠ, ಸಂಭವನೀಯತೆಯ ಅಧ್ಯಾಯ, ಇವನ್ನು ಪರೀಕ್ಷೆಗೆ ಉರುಹೊಡೆದು ಬಿಡದೆ ಹೊಲದ ಕಂಬದ ಕೆಳಗೆ ನಿಂತು ಅರ್ಥ ಮಾಡಿಕೊಂಡವರೇ ಈ ಯಂತ್ರಗಳನ್ನು ಕಟ್ಟಬಲ್ಲರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದಲೇ ಗಣಕ ಮತ್ತು ಭೌತಿಕ ಯಂತ್ರಗಳ ಈ ಕೂಡುವಿದ್ಯೆಗೆ ಪ್ರತ್ಯೇಕ ಕೇಂದ್ರವಿದೆ. ಆ ಬಾಗಿಲು ದೂರದ್ದೆನಿಸಿದರೆ ಊರಿನ ಐಟಿಐ, ಡಿಪ್ಲೊಮಾಗಳೂ ಇದೇ ದಾರಿಯ ಮೆಟ್ಟಿಲುಗಳು. ಸುಟ್ಟ ಮೋಟಾರಿನ ಸುರುಳಿ ಸುತ್ತುವವನ ಕೈಗೆ ಗೊತ್ತಿರುವ ಎಷ್ಟೋ ಸಂಗತಿ ಪುಸ್ತಕದಲ್ಲಿ ಇಲ್ಲ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ ಸುಲಭ. ನಿಮ್ಮ ಹೊಲದ ಟಿ.ಸಿ.ಯಿಂದ ಎಷ್ಟು ಮೋಟಾರು ನಡೆಯುತ್ತವೆ, ಒಂದೊಂದು ಎಷ್ಟು ಅಶ್ವಶಕ್ತಿಯದು, ಅವುಗಳಲ್ಲಿ ತಾನಾಗಿ ಏಳುವವು ಎಷ್ಟು ಎಂದು ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಮಾಡಿ. ಉತ್ತರ ಟ್ರಾನ್ಸ್‌ಫಾರ್ಮರಿನ ಶಕ್ತಿಯನ್ನು ಮೀರಿದರೆ ಆ ಹಾಳೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಅಪ್ಪನಿಗೆ ತೋರಿಸಿ, ಪಕ್ಕದ ಹೊಲದ ಕಾಕಾನಿಗೂ ತೋರಿಸಿ. ಮುಂದಿನ ಮಾತನ್ನು ಅವರು ಆಡಿಕೊಳ್ಳುತ್ತಾರೆ.